ತಪ್ಪಿದ್ರೆ ಎಲ್ಲಿ ಹೇಳೋದು?

ಹೋದ ವರ್ಷ ನಮ್ಮ ಟೀಮು ಒಂದು ಹೊಸ ವೆಬ್‌ಸೈಟ್ ಮಾಡ್ತಿತ್ತು. ಸಣ್ಣಪುಟ್ಟ ಸಾಲ ತಗೊಂಡ ಅಂಗಡಿಯವರು, ಮಗ್ಗದವರು, ಹಸು ಕಟ್ಟಿಕೊಂಡವರು ತಮ್ಮ ಕಂತು ಎಷ್ಟು, ಬಾಕಿ ಎಷ್ಟು ಅಂತ ತಾವೇ ನೋಡಿಕೊಳ್ಳುವ ಸೈಟು. ಡಿಸೈನ್ ಜವಾಬ್ದಾರಿ ನನ್ನದು. ಬಿಡುಗಡೆಗೆ ಮೂರು ವಾರ ಇದ್ದಾಗ ಪದ್ಧತಿಯಂತೆ ಫೀಡ್‌ಬ್ಯಾಕ್ ಕೇಳೋಕೆ ಶುರು ಮಾಡಿದ್ವಿ. ಐದು ಜನರನ್ನ ಕೂರಿಸಿ ತೋರಿಸಿದ್ವಿ, ಆಫೀಸಿನವರಿಗೆಲ್ಲ ಒಂದು ಫಾರ್ಮ್ ಕಳಿಸಿದ್ವಿ. ಉತ್ತರಗಳು ಬಂದವು. "ಸೂಪರ್." "ತುಂಬಾ ಕ್ಲೀನ್ ಆಗಿದೆ." "ಆ ನೀಲಿ ಸ್ವಲ್ಪ ಗಾಢ ಆಯ್ತು." ಒಬ್ಬರು ಬರೀ ಚಪ್ಪಾಳೆ ಇಮೋಜಿ ಹಾಕಿದ್ರು.

ಆ ಶನಿವಾರ ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಊಟ ಆದ್ಮೇಲೆ ಅಪ್ಪನ ಕೈಗೆ ಫೋನ್ ಕೊಟ್ಟು, "ನೋಡಪ್ಪ, ನಾನ್ ಮಾಡಿರೋದು, ಹೆಂಗಿದೆ ಹೇಳು" ಅಂದೆ. ಅಪ್ಪ ಕನ್ನಡಕ ಹಾಕ್ಕೊಂಡು, ಪಂಚಾಂಗ ನೋಡೋ ಹಾಗೆ ಮೇಲಿಂದ ಕೆಳಗೆ ನಿಧಾನಕ್ಕೆ ನೋಡಿದ್ರು. ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಬಾಕಿ ಮೊತ್ತ ದೊಡ್ಡ ಅಕ್ಷರದಲ್ಲಿ ಇತ್ತಲ್ಲ, ಅಲ್ಲಿ ಬೆರಳಿಟ್ಟು ಕೇಳಿದ್ರು:

"ಇದು ತಪ್ಪಿದ್ರೆ ಎಲ್ಲಿ ಹೇಳೋದಮ್ಮ?"

"ಕೆಳಗಡೆ ಸಂಪರ್ಕಿಸಿ ಅಂತ ಇದೆಯಲ್ಲ, ಅಲ್ಲಿ."

"ಅಲ್ಲಿ ಹೇಳಿದ್ರೆ ಯಾರು ಕೇಳ್ತಾರೆ? ಎಷ್ಟು ದಿನಕ್ಕೆ ಹೇಳ್ತಾರೆ? ಅಲ್ಲೀಗಂಟ ಈ ಬಾಕಿ ನನ್ ಮೇಲೇ ಇರ್ತದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಐದು ಜನರಲ್ಲಿ ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಯಾಕಂದ್ರೆ ನಾವು ಅವರಿಗೆ ತೋರಿಸಿದ ಖಾತೆ ಡಮ್ಮಿ, ಹೆಸರು ಡಮ್ಮಿ, ಸಾಲವೂ ಡಮ್ಮಿ. ತಪ್ಪಾದರೆ ಅವರ ಗಂಟೇನೂ ಹೋಗ್ತಿರಲಿಲ್ಲ. ಅಪ್ಪ ಹಾಗೆ ನೋಡಲಿಲ್ಲ. ಪರದೆ ಮೇಲೆ ತನ್ನ ಬಗ್ಗೆ ಏನೋ ಬರೆದಿದೆ ಅಂದರೆ ಅದು ತಪ್ಪಿರಬಹುದು ಅನ್ನೋದು ಅವರಿಗೆ ಅನುಭವದಿಂದ ಗೊತ್ತು. ಆ ಅನುಭವದ ಹೆಸರು ಪಹಣಿ.

ನಮ್ಮ ಜಿಲ್ಲೆಯ ಯಾವ ಮನೆಗೆ ಹೋದರೂ ಟ್ರಂಕಿನ ತಳದಲ್ಲೋ ದೇವರ ಗೂಡಿನ ಹಿಂದೆಯೋ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ ಇರುತ್ತೆ. ಬೆಂಗಳೂರು ಗ್ರಾಮಾಂತರ ಅನ್ನೋ ಜಿಲ್ಲೆ ಹುಟ್ಟಿದ್ದು 1986ರಲ್ಲಿ. 2007ರಲ್ಲಿ ರಾಮನಗರ ಬೇರೆಯಾದ ಮೇಲೆ ಉಳಿದದ್ದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕು. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯೋಕೆ ಶುರುವಾದ ಮೇಲಂತೂ ಇಲ್ಲಿ ಗುಂಟೆ ಲೆಕ್ಕಕ್ಕೆ ಬಂಗಾರದ ಲೆಕ್ಕದ ಮರ್ಯಾದೆ ಬಂತು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಅದು ಯಾರದು ಅಂತ ಹೇಳೋ ಕಾಗದದ ಡಿಸೈನು ನೂರಾರು ವರ್ಷದಲ್ಲಿ ಹಲವು ಸಲ ಬದಲಾಗಿದೆ. ಪ್ರತಿ ಸಲವೂ ಅಪ್ಪನ ಪ್ರಶ್ನೆಗೆ ಒಂದೊಂದು ಥರದ ಉತ್ತರ ಸಿಕ್ಕಿದೆ, ಕೆಲವು ಸಲ ಸಿಕ್ಕೇ ಇಲ್ಲ. ನಮ್ಮಂಥವರಿಗೆ, ಅಂದರೆ ದಿನವೂ ಯಾರದೋ ಬಗ್ಗೆ ಏನೋ ತೋರಿಸುವ ಪರದೆ ಮಾಡೋರಿಗೆ, ಈ ಚರಿತ್ರೆ ಗೊತ್ತಿರಬೇಕು ಅನ್ನಿಸ್ತು. ಅದಕ್ಕೇ ಈ ಬರಹ.

ಮೊದಲ ಡಿಸೈನು ಕಲ್ಲು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಬಂತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಕಡೆಯವೂ ಇವೆ. ಪುಟ ತಿರುವಿದರೆ ದತ್ತಿಗಳ ಮೇಲೆ ದತ್ತಿ: ಇಂಥ ಕೆರೆಯ ಕೆಳಗಿನ ಇಷ್ಟು ಗದ್ದೆ ಇಂಥವರಿಗೆ, ಎಲ್ಲೆ ಇಲ್ಲಿಂದ ಅಲ್ಲಿಗೆ. ಕೊನೆಯಲ್ಲಿ ಎಷ್ಟೋ ಶಾಸನಗಳಲ್ಲಿ ಒಂದು ಶಾಪ: ಇದಕ್ಕೆ ತಪ್ಪಿದವನು ಗಂಗೆಯ ದಡದಲ್ಲಿ ಹಸು ಕೊಂದ ಪಾಪಕ್ಕೆ ಹೋಗಲಿ ಅಂತ. ಕಲ್ಲಿನ ದೊಡ್ಡ ಗುಣ, ಅದು ಊರ ನಡುವೆಯೋ ಗುಡಿಯ ಮುಂದೆಯೋ ನಿಂತಿರುತ್ತೆ. ಓದು ಬಾರದವರಿಗೂ ಅದು ಏನು ಹೇಳುತ್ತೆ ಅಂತ ಊರಿನಲ್ಲಿ ಬಾಯಿಂದ ಬಾಯಿಗೆ ಗೊತ್ತಿರುತ್ತೆ. ಅದರ ದೋಷ, ತಿದ್ದೋಕೆ ಆಗಲ್ಲ. ಕಲ್ಲಿಗೆ ಫೀಡ್‌ಬ್ಯಾಕ್ ಕೊಡೋದಾದರೆ ಉಳಿ ತಗೊಂಡೇ ಹೋಗಬೇಕು, ಹೋದರೆ ಶಾಪ ಕಾದಿರುತ್ತೆ. ದಾನ ಕೊಟ್ಟವನ ಮಾತು ಉಳಿಯಲಿ ಅಂತ ಮಾಡಿದ ಡಿಸೈನು ಅದು. ಆ ಗದ್ದೆ ಉಳುತ್ತಿದ್ದವನ ಮಾತಿಗೆ ಅದರಲ್ಲಿ ಜಾಗ ಇರಲಿಲ್ಲ.

ಎರಡನೇ ಡಿಸೈನು ಅದಕ್ಕೆ ಪೂರ್ತಿ ವಿರುದ್ಧ. ಮೈಸೂರು ಸೀಮೆಯ ಶಾನುಭೋಗರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟ ಪುಸ್ತಕ. ಬರೆಯೋದು ಬಳಪದಲ್ಲಿ. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಇವತ್ತು ನಾವು ಆಫೀಸಿನಲ್ಲಿ ಫೈಲಿಗೆ 'ಕಡತ' ಅಂತೀವಲ್ಲ, ಆ ಪದದ ಹಿಂದೆ ಒರೆಸಬಹುದಾದ ಒಂದು ಕಪ್ಪು ಬಟ್ಟೆ ಇದೆ. ತಿದ್ದೋದು ಸುಲಭ, ನಿಜ. ಆದರೆ ತಿದ್ದುವ ಕೈ ಒಂದೇ. ಬಳಪ ಶಾನುಭೋಗರ ಕೈಯಲ್ಲಿ, ಕಡತ ಶಾನುಭೋಗರ ಮನೆಯಲ್ಲಿ, ಆ ಹುದ್ದೆ ಅಪ್ಪನಿಂದ ಮಗನಿಗೆ. ಅವರು ಒಳ್ಳೆಯವರಾದರೆ ಊರಿಗೆ ಒಳ್ಳೆಯದು. ಇಲ್ಲದಿದ್ದರೆ ತಪ್ಪು ಯಾವುದು, ತಿದ್ದಿದ್ದು ಯಾವುದು ಅಂತ ಹೇಳೋಕೆ ಗುರುತೂ ಉಳಿಯಲ್ಲ.

1863ರಲ್ಲಿ ಕಮಿಷನರ್ ಬೌರಿಂಗ್ ಕಾಲದಲ್ಲಿ ಮುಂಬೈ ಪ್ರಾಂತ್ಯದ ಮಾದರಿಯಲ್ಲಿ ಮೈಸೂರಿನಲ್ಲಿ ಭೂಮಾಪನ ಶುರುವಾಯಿತು. ಸರಪಳಿ ಹಿಡಿದು ಅಳೆದರು, ಮೂಲೆ ಮೂಲೆಗೆ ಕಲ್ಲು ನೆಟ್ಟರು, ಪ್ರತಿ ತುಂಡಿಗೂ ಸರ್ವೆ ನಂಬರು ಕೊಟ್ಟರು. ಜಮೀನಿಗೆ ಒಂದು ಗುರುತಿನ ಸಂಖ್ಯೆ ಬಂತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡೇಟಾಬೇಸಿಗೆ ಒಂದು ಕೀ ಸಿಕ್ಕಿತು. ಬರೆಯುವ ಕೈ ಮಾತ್ರ ಇನ್ನೂ ನೂರು ವರ್ಷ ಬದಲಾಗಲಿಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1963ರಲ್ಲಿ. ಶಾನುಭೋಗರು ಹೋಗಿ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹಳ್ಳಿಯವರು ಇವತ್ತಿಗೂ ಕೆಲವರು ಅವರನ್ನ ಶಾನುಭೋಗರು ಅಂತಲೇ ಕರೀತಾರೆ ಅನ್ನೋದು ಬೇರೆ ಮಾತು.

ಇದಾದ ಮೇಲೆ ಬಂದದ್ದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ. ಈ ಕಾಯ್ದೆಯನ್ನ ಡಿಸೈನರ್ ಕಣ್ಣಲ್ಲಿ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯ್ತು. ಅದರ 129ನೇ ಕಲಂ ಮ್ಯುಟೇಷನ್ ಬಗ್ಗೆ, ಅಂದರೆ ಜಮೀನು ಒಬ್ಬರ ಹೆಸರಿಂದ ಇನ್ನೊಬ್ಬರ ಹೆಸರಿಗೆ ಹೋಗುವ ಬಗ್ಗೆ. ವಹಿಯಲ್ಲಿ ಹೊಸ ನಮೂದು ಬರೆದ ಕೂಡಲೇ ಅದು ಅಂತಿಮ ಆಗಲ್ಲ. ಅದರ ಪೂರ್ತಿ ನಕಲನ್ನು ಊರ ಚಾವಡಿಯಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಹಚ್ಚಬೇಕು. ಅದರಿಂದ ಬಾಧಿತರಾಗುವವರಿಗೆ ಲಿಖಿತವಾಗಿ ತಿಳಿಸಬೇಕು. ಯಾರಾದರೂ ಆಕ್ಷೇಪಣೆ ಹೇಳಿದರೆ ಅದನ್ನು ಬೇರೆ ತಕರಾರು ವಹಿಯಲ್ಲಿ ಬರೆದುಕೊಳ್ಳಬೇಕು, ವಿಚಾರಣೆ ಮಾಡಬೇಕು, ಆಮೇಲಷ್ಟೇ ನಮೂದು ಖಾಯಂ. ಇದಕ್ಕೆ ಬಹಳ ಕಾಲ ಮೂವತ್ತು ದಿನದ ಅವಧಿ ಇತ್ತು. ಈಚೆಗೆ ಅದನ್ನು ಕಡಿಮೆ ಮಾಡಿದ್ದಾರೆ.

ಗಮನಿಸಿ, ಇಲ್ಲಿ ಅಭಿಪ್ರಾಯ ಕೇಳುತ್ತಿರೋದು ಬಿಡುಗಡೆಯಾದ ಮೇಲಲ್ಲ, ಮುಂಚೆ. ಕೇಳುತ್ತಿರೋದು 'ಹೇಗಿದೆ?' ಅಂತಲ್ಲ, 'ಇದರಲ್ಲಿ ತಪ್ಪಿದೆಯಾ?' ಅಂತ. ಕೇಳಿದ ಮಾತಿಗೆ ಒಂದು ಪುಸ್ತಕ ಇದೆ, ಒಂದು ಗಡುವು ಇದೆ, ಉತ್ತರ ಹೇಳಬೇಕಾದ ಒಬ್ಬ ಅಧಿಕಾರಿ ಇದ್ದಾರೆ. ಹೀಗೆ ಮಾಡಲೇಬೇಕಿತ್ತು, ಯಾಕಂದ್ರೆ ಅದೇ ಕಾಯ್ದೆಯ 133ನೇ ಕಲಂ ಹೇಳುತ್ತೆ: ಈ ದಾಖಲೆಯಲ್ಲಿರುವ ನಮೂದನ್ನು, ಬೇರೆ ರೀತಿ ಸಾಬೀತಾಗುವ ತನಕ, ನಿಜವೆಂದೇ ಭಾವಿಸತಕ್ಕದ್ದು. ಬರೆದದ್ದೇ ನಿಜ ಅಂತ ಒಪ್ಪಬೇಕಾದರೆ, ಬರೆಯುವ ಮುಂಚೆ ಊರನ್ನು ಕೇಳಲೇಬೇಕಲ್ಲ.

ಕಾಗದದ ಮೇಲೆ ಇಷ್ಟು ಚೆನ್ನಾಗಿತ್ತು. ನಡೆದದ್ದು ಹೀಗೇ ಅಂತ ಹೇಳೋಕೆ ನಾನು ಹೋಗಲ್ಲ. ಚಾವಡಿಯಲ್ಲಿ ನೋಟಿಸ್ ಹಚ್ಚದೆಯೇ ಹಚ್ಚಿದ್ದೀವಿ ಅಂತ ಬರೆದ ಕಥೆಗಳು ನಮ್ಮ ಕಡೆ ಮನೆಗೊಂದು ಸಿಗುತ್ತವೆ. ಓದು ಬಾರದವರಿಗೆ ಹಚ್ಚಿದರೂ ಒಂದೇ, ಹಚ್ಚದಿದ್ದರೂ ಒಂದೇ. ಚಾವಡಿ ಕಟ್ಟೆಗೆ ಹೆಂಗಸರು ಹೋಗುವ ರೂಢಿಯೂ ಇರಲಿಲ್ಲ. ಆದರೂ ಜಾಗ ಅಂತ ಒಂದಿತ್ತು. ತಪ್ಪಿದ್ರೆ ಎಲ್ಲಿ ಹೇಳೋದು ಅಂದರೆ, ಚಾವಡಿಯಲ್ಲಿ.

ಈಗ 2000ನೇ ಇಸವಿಗೆ ಬನ್ನಿ. ಆ ವರ್ಷ ಜೇಕಬ್ ನೀಲ್ಸನ್ ಒಂದು ಪುಟ್ಟ ಲೇಖನ ಬರೆದರು. ವೆಬ್‌ಸೈಟ್ ಪರೀಕ್ಷೆಗೆ ಐದು ಜನ ಸಾಕು, ಐವರಲ್ಲೇ ಸುಮಾರು 85% ತೊಂದರೆಗಳು ಕಣ್ಣಿಗೆ ಬೀಳುತ್ತವೆ ಅಂತ. ನಮ್ಮ ವೃತ್ತಿಯಲ್ಲಿ ಇದು ವೇದವಾಕ್ಯ. ನಮ್ಮ ಟೀಮಿನ ಐದು ಜನ ಬಂದದ್ದೂ ಅಲ್ಲಿಂದಲೇ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕ ಸರ್ಕಾರದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ 'ಭೂಮಿ' ಯೋಜನೆ ನಡೀತಿತ್ತು. ಸಾಫ್ಟ್‌ವೇರ್ ಮಾಡಿದ್ದು ಎನ್‌ಐಸಿ. ಸುಮಾರು 2 ಕೋಟಿ ಪಹಣಿ, ಸುಮಾರು 67 ಲಕ್ಷ ರೈತರು, ಆಗಿನ 177 ತಾಲ್ಲೂಕು. ಇಷ್ಟೂ ಕೈಬರಹವನ್ನು ಕಂಪ್ಯೂಟರಿಗೆ ಹೊಡೆದರು. ಹೊಡೆದದ್ದನ್ನು ಪ್ರಿಂಟ್ ತೆಗೆದು ಗ್ರಾಮ ಲೆಕ್ಕಿಗರ ಕೈಗೆ ಕೊಟ್ಟು ಹಳೆ ವಹಿಯ ಜೊತೆ ತಾಳೆ ನೋಡಿಸಿದರು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ತೆಗೆದೇಬಿಟ್ಟರು. ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟಾದ ಪಹಣಿ.

ಭೂಮಿಯನ್ನ ಲೇವಡಿ ಮಾಡೋದು ಸುಲಭ, ಆದರೆ ಅದರಲ್ಲಿ ಕೆಲವು ಡಿಸೈನ್ ತೀರ್ಮಾನಗಳು ಇವತ್ತಿಗೂ ಪಾಠ ಮಾಡುವಷ್ಟು ಚೆನ್ನಾಗಿವೆ. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಹಿಂದಿನದನ್ನು ಮುಂದೆ ತಳ್ಳೋಕೆ ಸಾಫ್ಟ್‌ವೇರ್ ಬಿಡಲ್ಲ. ಕಂಪ್ಯೂಟರ್ ತೆರೆಯಬೇಕಾದರೆ ಸಿಬ್ಬಂದಿ ಬೆರಳಚ್ಚು ಕೊಡಬೇಕು. ಅಲ್ಲೀತನಕ ಹೆಬ್ಬೆಟ್ಟು ಒತ್ತುತ್ತಿದ್ದವನು ರೈತ. ಈಗ ಸರದಿ ಸರ್ಕಾರದ್ದು! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎರಡನೇ ಪರದೆ. ಕೌಂಟರಿನ ಒಳಗೆ ಸಿಬ್ಬಂದಿಗೆ ಒಂದು ಮಾನಿಟರ್ ಇದ್ದರೆ, ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿ ಇನ್ನೊಂದು ಮಾನಿಟರ್. ಒಳಗೆ ಏನು ಕಾಣುತ್ತೋ ಹೊರಗೂ ಅದೇ. ನೂರಾರು ವರ್ಷ ಶಾನುಭೋಗರ ಮಡಿಲಲ್ಲಿ ಮಡಚಿಕೊಂಡಿದ್ದ ಕಡತ ಮೊದಲ ಸಲ ರೈತನ ಕಡೆ ತಿರುಗಿತ್ತು.

'ಪಹಣಿ' ಮರಾಠಿಯಿಂದ ಬಂದ ಪದ. ಅಲ್ಲಿ ಅದಕ್ಕೆ ನೋಡುವುದು, ತಪಾಸಣೆ ಮಾಡುವುದು ಅಂತ ಅರ್ಥ. ಅಧಿಕಾರಿ ಹೊಲ ನೋಡಿ ಬರೆದದ್ದು ಪಹಣಿ. ಎರಡನೇ ಪರದೆ ಬಂದ ಮೇಲೆ ಅಧಿಕಾರಿ ಬರೆದದ್ದನ್ನು ರೈತ ನೋಡಿದ.

ನಮ್ಮಪ್ಪ ನೋಡಿದ್ದು 2003ರಲ್ಲಿ. ನಾನಾಗ ಆರನೇ ಕ್ಲಾಸು. ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೆ ಪಹಣಿ ಬೇಕಿತ್ತು, ಜಮೀನು ಅಜ್ಜಿ ಹೆಸರಲ್ಲಿತ್ತು. ಒಂದು ಎಕರೆ ಹತ್ತು ಗುಂಟೆ, ರಾಗಿ, ಅವರೆ, ಬದುವಿನಲ್ಲಿ ಎರಡು ಹೊಂಗೆ ಮರ. ಅಪ್ಪ ಸರದಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಆ ಎರಡನೇ ಪರದೆ ನೋಡಿದ್ರು. ಪಹಣಿಯಲ್ಲಿ 9ನೇ ಕಾಲಂ ಅಂದರೆ ಮಾಲೀಕರ ಹೆಸರು. ಅಜ್ಜಿಯ ಹೆಸರಿನ ಕೊನೆಗೆ 'ಅಮ್ಮ' ಇರಬೇಕಾದ ಕಡೆ 'ಅಪ್ಪ' ಅಂತಿತ್ತು. ಒಂದೇ ಒಂದು ಒತ್ತಕ್ಷರ. ಕನ್ನಡದಲ್ಲಿ 'ಮ್ಮ'ಗೂ 'ಪ್ಪ'ಗೂ ಎಷ್ಟು ದೂರ ಅಂತ ನೀವೇ ಬರೆದು ನೋಡಿ. ನಮ್ಮ ಕಡೆ ಅರ್ಧಕ್ಕರ್ಧ ಹೆಸರುಗಳು ಹೀಗೇ ಜೋಡಿ ಜೋಡಿ. ದೇವರ ಹೆಸರಿಗೆ ಗಂಡಾದರೆ ಅಪ್ಪ, ಹೆಣ್ಣಾದರೆ ಅಮ್ಮ.

"ಸಾರ್, ಹೆಸರು ತಪ್ಪಿದೆ" ಅಂದ್ರಂತೆ ಅಪ್ಪ.

"ನಮಗೆ ಹಳೇ ಬುಕ್ಕಲ್ಲಿ ಹೆಂಗಿತ್ತೋ ಹಂಗೆ ಬಂದಿದೆ. ತಿದ್ದೋಕೆ ಇಲ್ಲಿ ಬರಲ್ಲ. ಪ್ರಿಂಟ್ ಬೇಕಾ, ಬೇಡ್ವಾ?"

ಹಿಂದೆ ನಲವತ್ತು ಜನ ನಿಂತಿದ್ರು. ಅಪ್ಪ ಹದಿನೈದು ರೂಪಾಯಿ ಕೊಟ್ಟು ತಪ್ಪು ಪಹಣಿಯನ್ನೇ ತಂದರು. ಆಮೇಲೆ ಅರ್ಜಿ, ಅಫಿಡವಿಟ್, ಗ್ರಾಮ ಲೆಕ್ಕಿಗರ ವರದಿ, ಊರಿನ ನಾಲ್ಕು ಜನರ ಮುಂದೆ ಮಹಜರು, ಮತ್ತೆ ತಾಲ್ಲೂಕು ಕಚೇರಿ. ಎಂಟು ತಿಂಗಳು. ಆ ವರ್ಷ ಬ್ಯಾಂಕ್ ಸಾಲ ಸಿಗಲಿಲ್ಲ, ಅಪ್ಪ ಕೈಗಡ ಮಾಡಿದ್ರು. ಅಪ್ಪ ಕಚೇರಿಗೆ ಹೋಗಿ ಬಂದ ದಿನವೆಲ್ಲ ಅಜ್ಜಿ ಜಗಲಿ ಮೇಲಿಂದ ಒಂದೇ ಮಾತು ಕೇಳೋರು, "ಏನ್ಲಾ, ನಾನಿನ್ನೂ ಗಂಡಸೇನಾ?" ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಅಪ್ಪ ನಗ್ತಿರಲಿಲ್ಲ. ಅಜ್ಜಿ 'ಅಪ್ಪ' ಆಗಿಯೇ ತೀರಿಕೊಂಡರೆ ಪೌತಿ ಖಾತೆ ಮಾಡಿಸುವಾಗ ಈ ಗಂಡಸು ಯಾರು, ಇವನಿಗೂ ನಿಮಗೂ ಏನು ಸಂಬಂಧ ಅಂತ ಸಾಬೀತು ಮಾಡುತ್ತಾ ಕೂರಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಬರೆದದ್ದೇ ನಿಜ ಅನ್ನುವ 133ನೇ ಕಲಮಿನ ಭಾರ ಮನೆಯ ಮೇಲೆ ಬೀಳೋದು ಹೀಗೆ.

ಆ ಶನಿವಾರ ಈ ಕಥೆ ಮತ್ತೆ ಹೇಳುವಾಗ ಅಪ್ಪ ಒಂದು ಮಾತು ಸೇರಿಸಿದ್ರು: "ನೋಡೋಕೆ ಬಿಟ್ರು ಕಣಮ್ಮ. ಅದು ದೊಡ್ಡದೇ. ಹೇಳೋಕೆ ಒಂದ್ ಜಾಗ ಇಡೋದು ಮರೆತ್ರು."

ಭೂಮಿ ಯೋಜನೆಗೆ ಫೀಡ್‌ಬ್ಯಾಕ್ ಕೇಳಲೇ ಇಲ್ಲ ಅಂತಲ್ಲ. ಕೇಳಿದ್ದಾರೆ, ಅದೂ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡ ವಿಧಾನದಲ್ಲಿ. ಸ್ಯಾಮ್ಯುಯಲ್ ಪಾಲ್ 1994ರಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಶುರು ಮಾಡಿದರು. ನೀರು, ವಿದ್ಯುತ್ತು, ಸೈಟು ಕೊಡುವ ಸಂಸ್ಥೆಗಳಿಗೆ ಜನರೇ ಅಂಕ ಕೊಡುವ 'ಸಿಟಿಜನ್ ರಿಪೋರ್ಟ್ ಕಾರ್ಡ್' ಇವರದೇ ಕೊಡುಗೆ. ಆಮೇಲೆ ಬೇರೆ ದೇಶಗಳೂ ಇದನ್ನು ಕಲಿತವು. ಇದೇ ಸಂಸ್ಥೆ ಭೂಮಿ ಕೌಂಟರುಗಳ ಬಗ್ಗೆಯೂ ಸಮೀಕ್ಷೆ ಮಾಡಿತು. ಕೈಬರಹದ ಕಾಲದಲ್ಲಿ ಮೂರರಲ್ಲಿ ಎರಡು ಪಾಲು ಜನ ಲಂಚ ಕೊಟ್ಟಿದ್ದರೆ, ಭೂಮಿ ಕೌಂಟರಿನಲ್ಲಿ ಅದು 3%ಗೆ ಇಳಿದಿತ್ತು. ಇದು ಸಣ್ಣ ಸಾಧನೆ ಅಲ್ಲ. ಹದಿನೈದು ರೂಪಾಯಿಯ ಕಾಗದಕ್ಕೆ ನೂರಿನ್ನೂರು ಬಿಚ್ಚಿದವರಿಗೆ ಅದರ ಬೆಲೆ ಗೊತ್ತು.

ಆದರೆ ಇಂಥ ಸಮೀಕ್ಷೆ ಸಹಜವಾಗಿ ಕೌಂಟರಿಗೆ ಬಂದವರನ್ನು ಕೇಳುತ್ತೆ. ಬಾರದವರ ಪ್ರಶ್ನೆ ಎತ್ತಿದ್ದು ಇನ್ನೊಂದು ಅಧ್ಯಯನ. 2007ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದ ಪ್ರಬಂಧದ ವಾದ ಖಾರವಾಗಿತ್ತು: ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಹೋದದ್ದರಿಂದ ಸಣ್ಣ ರೈತನಿಗೆ ದೂರವಾಯಿತು, ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಹತ್ತಿರವಾಯಿತು ಅಂತ. ಇದನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆದರೆ ಒಂದು ಮಾತು ನನಗೆ ಹೌದೆನಿಸುತ್ತೆ. ಒಂದೇ ಪರದೆಯನ್ನು ಇಬ್ಬರು ನೋಡುತ್ತಾರೆ. ಒಬ್ಬರಿಗೆ ಅದು ತನ್ನ ಒಂದೂಕಾಲು ಎಕರೆ, ಇನ್ನೊಬ್ಬರಿಗೆ ಅದು ಹುಡುಕಾಟದ ಪಟ್ಟಿ. 'ಸೈಟ್ ಬೇಗ ತೆರೆಯುತ್ತಾ?' ಅಂತ ಕೇಳಿದರೆ ಇಬ್ಬರೂ ಹೌದು ಅಂತಾರೆ. ಇಬ್ಬರಿಗೂ ಸೇರಿಸಿ ಒಂದು ಸರಾಸರಿ ಅಂಕ ತೆಗೆದರೆ ಏನು ಗೊತ್ತಾದ ಹಾಗಾಯ್ತು?

ಬೇಕಿದ್ದರೆ 3 ಮತ್ತು 9ನೇ ಕಾಲಮಿನ ಕಥೆ ನೋಡಿ. 3ನೇ ಕಾಲಂ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ. 9ನೇ ಕಾಲಮಿನಲ್ಲಿ ಒಬ್ಬೊಬ್ಬ ಮಾಲೀಕರ ಪಾಲು. ಕೂಡಿದರೆ ಎರಡೂ ಸಮ ಬರಬೇಕು. ಸಾವಿರಾರು ಪಹಣಿಗಳಲ್ಲಿ ಬರುತ್ತಿರಲಿಲ್ಲ. ಕೈಬರಹದಲ್ಲಿ ಇದ್ದ ಹೊಂದಾಣಿಕೆಗಳು, ಮರೆತ ಖರಾಬು, ಅಣ್ಣತಮ್ಮಂದಿರ ಬಾಯಿಮಾತಿನ ಭಾಗ ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಲೆಕ್ಕದ ತಪ್ಪಾಗಿ ಕಾಣಿಸಿದವು. ಇದಕ್ಕಾಗಿಯೇ ಸರ್ಕಾರ ಹೋಬಳಿ ಮಟ್ಟದಲ್ಲಿ ಕಂದಾಯ ಅದಾಲತ್ ಮಾಡಿತು, ಪಹಣಿ ತಿದ್ದುಪಡಿ ಆಂದೋಲನ ಅಂತಲೇ ಮಾಡಿತು. ಅಧಿಕಾರಿಗಳು ಮೇಜು ಕುರ್ಚಿ ಹಾಕಿಕೊಂಡು ಊರಿಗೇ ಬಂದು ಕೂತರು. ಅದನ್ನ ನೋಡಿದಾಗ ನನಗನ್ನಿಸಿದ್ದು, ಸಾಫ್ಟ್‌ವೇರಿನಲ್ಲಿ ಮರೆತ ಚಾವಡಿಯನ್ನ ಶಾಮಿಯಾನ ಹಾಕಿ ಮತ್ತೆ ಕಟ್ಟಬೇಕಾಯ್ತು ಅಂತ.

ಈಗ ಪಹಣಿ ಫೋನಿನಲ್ಲೇ ಬರುತ್ತೆ. ಅಮೆರಿಕದಲ್ಲಿರುವ ಮಗ ರಾತ್ರಿ ಹನ್ನೆರಡಕ್ಕೆ ಹೊಸಕೋಟೆಯ ಜಮೀನಿನ ಪಹಣಿ ನೋಡಬಹುದು. ನೋಡೋದು ಇಷ್ಟು ಸುಲಭ ಯಾವ ಕಾಲದಲ್ಲೂ ಇರಲಿಲ್ಲ. ಹೇಳೋದು ಅಷ್ಟೇ ಸುಲಭ ಆಗಿದೆಯಾ? ಹೆಸರಿನ ಒಂದು ಒತ್ತಕ್ಷರ ತಪ್ಪಿದ್ದರೆ ಈಗಲೂ ಯಾರಾದರೂ ಬಸ್ ಹತ್ತಲೇಬೇಕು.

ಹೇಳೋಕೆ ಜಾಗ ಸಿಗದಿದ್ದರೆ ಏನಾಗುತ್ತೆ ಅನ್ನೋದಕ್ಕೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ಸ್ವಾಧೀನ ಮಾಡಿಕೊಳ್ಳಲು ಸರ್ಕಾರ ಹೊರಟಿತು. ಅಂಥ ಸ್ವಾಧೀನದ 1966ರ ಕಾಯ್ದೆಯಲ್ಲೂ ಆಕ್ಷೇಪಣೆಗೆ ಮೂವತ್ತು ದಿನದ ಅವಕಾಶ ಇದೆ. ನೋಟಿಸ್ ಬರುತ್ತೆ, ಉತ್ತರ ಬರೆದು ಕೊಡಬಹುದು. ಬರೆದು ಕೊಟ್ಟರೆ ಸಾಲಲ್ಲ ಅಂತ ರೈತರಿಗೆ ಅನ್ನಿಸಿತು. 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಬಿಸಿಲು, ಮಳೆ, ಸುಗ್ಗಿ, ಚುನಾವಣೆ ಎಲ್ಲ ಅಲ್ಲೇ ಕಳೆಯಿತು. ಸರ್ಕಾರವೇ ಬದಲಾಯಿತು. ಮೂರು ವರ್ಷ ದಾಟಿದ ಮೇಲೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ತಗೊಳ್ತೀವಿ ಅಂತ ಘೋಷಿಸಿದರು. ಕೈಗಾರಿಕೆ ಬೇಕಾ ಬೇಡ್ವಾ ಅನ್ನೋದು ಬೇರೆ ಚರ್ಚೆ. ಮೂವತ್ತು ದಿನದಲ್ಲಿ ಕೇಳಿಸಿಕೊಳ್ಳಬಹುದಾಗಿದ್ದ ಮಾತನ್ನು ಕೇಳಿಸಿಕೊಳ್ಳೋಕೆ ಮೂರು ವರ್ಷ ಹಿಡಿಯಿತು ಅನ್ನೋದಷ್ಟೇ ನನ್ನ ಮಾತು.

ನಮ್ಮಲ್ಲಿ ಇಂಥದ್ದಕ್ಕೆಲ್ಲ 'ತಕರಾರು' ಅಂತೀವಿ. ಆಫೀಸಿನಲ್ಲಿ ಅದು ಬೈಗುಳ: "ಅವನದು ಬರೀ ತಕರಾರು." ಆದರೆ ಆ ಪದದ ಮೂಲ ಅರಬ್ಬಿ, ಅಲ್ಲಿ ಅದರ ಅರ್ಥ ಮತ್ತೆ ಮತ್ತೆ ಹೇಳೋದು. ಒಂದು ಸಲ ಹೇಳಿದರೆ ಯಾರೂ ಕೇಳಲ್ಲ ಅನ್ನೋದು ಪದ ಮಾಡಿದವರಿಗೂ ಗೊತ್ತಿತ್ತೇನೋ.

ಸೋಮವಾರ ಆಫೀಸಿಗೆ ಹೋಗಿ ಮ್ಯಾನೇಜರಿಗೆ ಹೇಳಿದೆ, ನಮ್ಮ ಫೀಡ್‌ಬ್ಯಾಕ್ ಪ್ರಶ್ನೆಗಳೇ ತಪ್ಪು ಅಂತ. ಅವರು ಮೊದಲು ಗೋಳಾಡಿದ್ರು, ಮೂರು ವಾರ ತಾನೇ ಇರೋದು ಅಂದ್ರು. ಕೊನೆಗೆ ಎರಡು ಕೆಲಸಕ್ಕೆ ಒಪ್ಪಿದ್ರು. ಒಂದು, ಮತ್ತೊಂದು ಪರೀಕ್ಷೆ. ಈ ಸಲ ಡಮ್ಮಿ ಖಾತೆ ಇಲ್ಲ. ನಿಜವಾಗಿ ಸಾಲ ಇರುವ ಎಂಟು ಜನರನ್ನ ಕೇಳಿಕೊಂಡು, ಅವರವರ ಖಾತೆಯನ್ನೇ ತೋರಿಸಿ, 'ಹೇಗಿದೆ' ಅಂತ ಕೇಳದೆ, 'ಇದರಲ್ಲಿ ಏನಾದರೂ ತಪ್ಪಿದೆಯಾ?' ಅಂತ ಮಾತ್ರ ಕೇಳಿದ್ವಿ. ಎಂಟರಲ್ಲಿ ಇಬ್ಬರು ಹೌದು ಅಂದ್ರು. ಒಬ್ಬರ ಊರಿನ ಹೆಸರು ತಪ್ಪಾಗಿತ್ತು. ಇನ್ನೊಬ್ಬರು ಕಟ್ಟಿದ ಒಂದು ಕಂತು ಜಮಾ ಆಗಿರಲೇ ಇಲ್ಲ. ದೊಡ್ಡಬಳ್ಳಾಪುರದ ಮಗ್ಗದ ಹೆಣ್ಣುಮಗಳು ಆಕೆ. ರಸೀದಿಯನ್ನ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡೇ ಬಂದಿದ್ರು. "ಯಾರಾದ್ರೂ ಕೇಳ್ತಾರೆ ಅಂತ ಐದು ತಿಂಗಳಿಂದ ಇಟ್ಕೊಂಡಿದ್ದೀನಿ ಮೇಡಂ" ಅಂದ್ರು.

ಎರಡನೇ ಕೆಲಸ, ಬಾಕಿ ಮೊತ್ತದ ಪಕ್ಕದಲ್ಲೇ ಒಂದು ಬಟನ್. ಒತ್ತಿದರೆ ಒಂದು ನಂಬರು ಬರುತ್ತೆ, ಎಷ್ಟು ದಿನದಲ್ಲಿ ಉತ್ತರ ಅಂತ ಬರುತ್ತೆ, ಅಲ್ಲೀತನಕ ಆ ಮೊತ್ತದ ಮುಂದೆ 'ತಕರಾರಿನಲ್ಲಿದೆ' ಅಂತ ತೋರಿಸುತ್ತೆ. ಆ ಪದ ಇರಬೇಕೋ ಬೇಡವೋ ಅಂತ ಮೀಟಿಂಗಿನಲ್ಲಿ ಒಂದು ಗಂಟೆ ಜಗಳ ಆಯ್ತು, 'ನೆಗೆಟಿವ್' ಆಗಿ ಕಾಣುತ್ತೆ ಅಂತ. ನಾನು ಬಿಡಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿದ್ರು. ಬಟನ್ ಒತ್ತಿದ್ರು. ನಂಬರ್ ಬಂತು, ಏಳು ದಿನ ಅಂತ ಬಂತು.

"ಏಳು ದಿನದಲ್ಲಿ ಹೇಳ್ದೇ ಇದ್ರೆ?" ಅಂದ್ರು.

ಆ ಪ್ರಶ್ನೆಯನ್ನ ಮುಂದಿನ ಮೀಟಿಂಗಿಗೆ ಬರೆದಿಟ್ಟುಕೊಂಡಿದ್ದೀನಿ.